ಟಾಮ್‌ನ ಜಾರುಬಂಡಿಗೆ ನಾನು ಮಾಡಿದ ಪೂಜೆ

ಅಮೆರಿಕದ ಜರ್ಮನ್‌ಟೌನಿಗೆ ಬಂದ ಎರಡನೇ ವಾರ. ಕೆಳಮನೆಯ ಬಾಗಿಲು ತೆರೆದಿತ್ತು. ಒಳಗೆ ಒಬ್ಬ ಗಂಡಸು ಕಬ್ಬಿಣದ ತಟ್ಟೆಯಂಥದ್ದರ ಮೇಲೆ ಬೋರಲು ಬಿದ್ದಿದ್ದ, ಮಿಸುಕಾಟವೇ ಇಲ್ಲ. ಸತ್ತೇಹೋಗಿದ್ದಾನೆ ಎಂದು ಕಿರುಚಿಕೊಂಡೆ. ಅವನು ತಲೆಯೆತ್ತಿ "ಹಾಯ್" ಅಂದ!

ಅವನೇ ಟಾಮ್. ಅಭ್ಯಾಸ ಮಾಡುತ್ತಿದ್ದುದು ಸ್ಕೆಲಿಟನ್ ಎಂಬ ಆಟ. ಪುಟ್ಟ ಜಾರುಬಂಡಿಯ ಮೇಲೆ ತಲೆ ಮುಂದಾಗಿ ಮಲಗಿ, ಬೆಟ್ಟದ ಮೇಲಿಂದ ಮಂಜುಗಡ್ಡೆಯ ಕಾಲುವೆಯೊಳಗೆ ಜಾರುವುದು. ಮೈಸೂರಿನಲ್ಲಿ ಸ್ಕೂಟರಿನ ಹಿಂದೆ ಕೂರಲೂ ಹೆದರುತ್ತಿದ್ದ ನನಗೆ ಇದು ಶುದ್ಧ ಹುಚ್ಚಾಟವಾಗಿ ಕಂಡಿತು. ಆದರೆ ಅಲ್ಲಿ ಕೈ ತೋರಿಸಿದರೆ ಆಟೋ ನಿಲ್ಲುತ್ತಿತ್ತು, ಇಲ್ಲಿ ಕಾರಿಲ್ಲದವಳಿಗೆ ಕಾಲೇ ಇಲ್ಲ. ಡ್ರೈವಿಂಗ್ ಬಾರದ ನನ್ನನ್ನು ಚಳಿಗಾಲವಿಡೀ ರಾಕ್‌ವಿಲ್‌ನಲ್ಲಿ ನಾನು ಕೆಲಸಕ್ಕಿದ್ದ ಲ್ಯಾಬಿಗೆ ಬಿಟ್ಟುಬಂದವನು ಈ ಹುಚ್ಚನೇ.

ಆ ವರ್ಷ ಅವನು ವಿಶ್ವ ಚಾಂಪಿಯನ್‌ಶಿಪ್‌ಗೆ ಆಯ್ಕೆಯಾದ. ಬಂಡಿಯಡಿಯ ಎರಡು ಉಕ್ಕಿನ ಸರಳುಗಳನ್ನು ತಿಂಗಳುಗಟ್ಟಲೆ ಮರಳು ಕಾಗದದಿಂದ ಉಜ್ಜಿ ಕನ್ನಡಿ ಮಾಡಿದ್ದ. ಹೊರಡುವ ದಿನ ಬೆಳಿಗ್ಗೆ ಬಂಡಿಯನ್ನು ಅಂಗಾತ ಮಲಗಿಸಿ ಚೀಲ ತರಲು ಒಳಗೆ ಹೋದ. ಪೂಜೆಯಿಲ್ಲದೆ ಗಾಡಿ ಹೊರಡುವುದುಂಟೇ? ಸರಳುಗಳಿಗೆ ಅರಿಸಿನ ಕುಂಕುಮ ಹಚ್ಚಿದೆ. ನಿಂಬೆಹಣ್ಣು ಹೆಚ್ಚಿ ಒಂದೊಂದು ಹೋಳನ್ನು ಒತ್ತಿಟ್ಟೆ. ಕೈಮುಗಿದೆ.

ಹೊರಗೆ ಬಂದ ಟಾಮ್‌ನ ಮುಖ ಬಿಳಿಚಿಕೊಂಡಿತು. ಹೋಳು ಎತ್ತಿದ ಕಡೆ ಮಸುಕು ಕಲೆ. ಸರಳಿನ ಮೇಲೆ ಏನಾದರೂ ಸವರಿದ್ದು ಕಂಡರೆ ಪರೀಕ್ಷಕರು ಓಟಕ್ಕೇ ಬಿಡುವುದಿಲ್ಲ ಎಂದ. ಲ್ಯಾಬಿನಲ್ಲಿ ದಿನವೂ ಆಮ್ಲ ಮುಟ್ಟುವ ನನಗೆ ಇಷ್ಟು ಹೊಳೆಯಬಾರದೇ!

"ನಿಂಗೇನಾದ್ರೂ ಬುದ್ಧಿ ಇದ್ಯಾ? ಅವ್ನ ಲೈಫೇ ಇದು ಕಣೇ!" ಎಂದರು ಮಹಡಿಯಿಂದ ಇಳಿದುಬಂದ ನನ್ನ ಯಜಮಾನರು.

"ಒಳ್ಳೇದಾಗ್ಲಿ ಅಂತಾನೇ ಮಾಡ್ದೆ ರೀ..." ಎಂದು ಅತ್ತೇಬಿಟ್ಟೆ.

ಟಾಮ್ ಬೈಯಲಿಲ್ಲ. ನನಗೊಂದು ಮರಳು ಕಾಗದ ಕೊಟ್ಟ. ಮಧ್ಯಾಹ್ನದವರೆಗೆ ಮೂವರೂ ಕೂತು ಉಜ್ಜಿದೆವು. ಕಲೆ ಪೂರ್ತಿ ಹೋಯಿತೋ ಇಲ್ಲವೋ ಎಂಬ ಅನುಮಾನದಲ್ಲೇ ಅವನು ಕಾರು ಹತ್ತಿದ.

ಶನಿವಾರ ಫೋನು ಬಂತು. ಪರೀಕ್ಷೆ ಪಾಸಾಗಿ, ಓಡಿ, ಹತ್ತೊಂಬತ್ತನೆಯವನಾಗಿ ಮುಗಿಸಿದ್ದ. ನಾನು ಅಡುಗೆಮನೆಯಲ್ಲೇ ಕುಣಿದಾಡಿದೆ.

ಮರುದಿನ ಮೈಸೂರಿನಿಂದ ಅಮ್ಮನ ಫೋನು. ಹಲೋ ಎನ್ನುವುದಕ್ಕೂ ಮೊದಲೇ ಹೇಳಿಬಿಟ್ಟೆ: "ಅಮ್ಮಾ, ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲಿ ನಮ್ಮೋರು ಹತ್ತೊಂಬತ್ತನೇ ಜಾಗಕ್ಕೆ ಬಂದ್ರು!"

"ಹೌದಾ! ನಮ್ಮೋರು ಅಂದ್ರೆ ಯಾರೇ? ಇಂಡಿಯಾದೋರಾ?"

"ಅಲ್ಲಮ್ಮ," ಎಂದೆ, "ನಮ್ಮ ಕೆಳಗಡೆ ಮನೆಯೋರು."