ಅವಳೇ ಹೇಳಿದ ಅವಳ ಕೇಸು

2021ರ ಮೇ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ, ಹಲಸೂರಿನ ನಮ್ಮ ಮನೆಯಲ್ಲಿ ಅಕ್ಕನ ಮಗಳು ತನ್ನ ಫೋನನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದಳು. ಡಬ್ಬಿಯೊಳಗಿಂದ ಅದು ಎರಡು ಸಲ ರಿಂಗಾಯಿತು. ಅವಳು ತೆಗೆಯಲಿಲ್ಲ.

ಅವಳಿಗೆ ಆಗ ಇಪ್ಪತ್ತಮೂರು. ಎಂಬಿಬಿಎಸ್ ಕೊನೆಯ ವರ್ಷ. ಹಾಸ್ಟೆಲ್ ಖಾಲಿ ಮಾಡಿಸಿದಾಗ ನನ್ನ ಮನೆಗೆ ಬಂದಿದ್ದಳು. ಕೆ.ಆರ್.ಪುರದ ತನ್ನ ಮನೆಗೆ ಹೋಗಲು ಅವಳೇ ಒಪ್ಪಿರಲಿಲ್ಲ. ಅಲ್ಲಿ ಅಪ್ಪನಿಗೆ ಸಕ್ಕರೆ ಕಾಯಿಲೆ, ವಾರ್ಡಿನಿಂದ ಬಂದವಳು ಸೋಂಕು ಒಯ್ದೇನು ಎಂಬ ಹೆದರಿಕೆ. ಕಾಲೇಜು ಅವಳ ಬ್ಯಾಚಿಗೆಲ್ಲ ಫೋನ್ ಕೆಲಸ ಹಚ್ಚಿತ್ತು. ಸೋಂಕು ತಗುಲಿ ಮನೆಯಲ್ಲೇ ಉಳಿದವರಿಗೆ ದಿನವೂ ಕರೆ ಮಾಡಬೇಕು. ಜ್ವರ ಇದೆಯೇ, ಉಸಿರು ಕಟ್ಟುತ್ತಿದೆಯೇ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎಷ್ಟು ತೋರಿಸುತ್ತಿದೆ ಎಂದು ಕೇಳಿ ಫಾರಂ ತುಂಬಬೇಕು. ಅಂಕಿ ಇಳಿದಿದ್ದರೆ ಕೂಡಲೇ ಮೇಲಿನವರಿಗೆ ತಿಳಿಸಬೇಕು.

ಮೆಟ್ರೊ ನಿಂತಿತ್ತು. ಕಂಬಗಳ ಮೇಲಿನ ಹಳಿಯ ಮೇಲೆ ಪಾರಿವಾಳಗಳು ಅತ್ತಿಂದಿತ್ತ ನಡೆಯುತ್ತಿದ್ದವು. ಬೀದಿ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಎದುರು ಮನೆಯ ಕುಕ್ಕರ್ ಕೂಗಿದ್ದಕ್ಕೆ ನಾನು ನಮ್ಮ ಒಲೆ ಆರಿಸಲು ಏಳುತ್ತಿದ್ದೆ. ಬೆಳಿಗ್ಗೆ ಯಾವುದು, ಮಧ್ಯಾಹ್ನ ಯಾವುದು ಎನ್ನುವುದು ಕಿಟಕಿಯ ಬಿಸಿಲು ನೆಲದ ಮೇಲೆ ಎಲ್ಲಿಯವರೆಗೆ ಬಂದಿದೆ ಎನ್ನುವುದರಿಂದ ಮಾತ್ರ ತಿಳಿಯುತ್ತಿತ್ತು. ಆ ಬಿಸಿಲಲ್ಲಿ ಕೂತು ಅವಳು ಕನ್ನಡದಲ್ಲಿ, ತಮಿಳಿನಲ್ಲಿ, ಮುರುಕು ಉರ್ದುವಿನಲ್ಲಿ ಅವೇ ಪ್ರಶ್ನೆಗಳನ್ನು ಒಂದೇ ದನಿಯಲ್ಲಿ ಕೇಳುತ್ತಿದ್ದಳು. ನಾನು ಊಟದ ಮೇಜಿನ ಮೇಲೆ ಪತ್ರಿಕೆಯ ಡೆಸ್ಕ್ ಕೆಲಸ ಮಾಡುತ್ತಿದ್ದೆ. ಅವಳ ದನಿ ನನಗೆ ಫ್ಯಾನಿನ ಸದ್ದಿನಷ್ಟೇ ರೂಢಿಯಾಗಿತ್ತು. ನಿಂತಾಗಲೇ ಗಮನಿಸಿದ್ದು.

"ಏನಾಯ್ತೇ?"

"ಚಿಕ್ಕಮ್ಮ, ಶಿವಾಜಿನಗರದ ಆ ತಾತಂದು ತೊಂಬತ್ತಾರು ಅಂತ ಬರ್ದಿದ್ದೀನಿ. ನಾನು ಅವರಿಗೆ ಫೋನೇ ಮಾಡಿಲ್ಲ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ?"

"ಮಾತಾಡಿದ್ದು ನೆನಪೇ ಇಲ್ಲ. ಅಂಕಿ ನಾನೇ ಹಾಕ್ಬಿಟ್ನೇನೋ."

ನಾನು ಡಬ್ಬಿ ತೆರೆದು, ಫೋನ್ ಒರೆಸಿ, ಕರೆಗಳ ಪಟ್ಟಿ ನೋಡಿದೆ. ಒಂಬತ್ತು ನಲವತ್ತಕ್ಕೆ ಕರೆ ಹೋಗಿತ್ತು. ನಾಲ್ಕು ನಿಮಿಷ. ತೋರಿಸಿದರೂ ನಂಬಲಿಲ್ಲ. ಸ್ಪೀಕರ್ ಹಾಕಿ ಅದೇ ನಂಬರಿಗೆ ನಾನೇ ಮತ್ತೆ ಕರೆ ಮಾಡಿದೆ. ಎತ್ತಿದ್ದು ತಾತನೇ.

"ಅರೆ, ಡಾಕ್ಟರ್ ಬೇಟಿ ಈಗಷ್ಟೇ ಮಾತಾಡಿದ್ರಲ್ಲಾ! ತೊಂಬತ್ತಾರು ಅಂತ ಹೇಳ್ದೆ. ಶೀರ್ ಖುರ್ಮಾ ಮಾಡೋದು ಹೆಂಗೆ ಅಂತಾನೂ ಹೇಳ್ದೆ. ಮರ್ತೇಬಿಟ್ರಾ?"

ಅಂಕಿ ಸರಿಯಾಗಿಯೇ ಇತ್ತು. ಆ ಮಾತುಗಳಲ್ಲಿ ಒಂದೂ ನೆನಪಿಲ್ಲವೆಂದು ಅವಳು ನಿಜವಾಗಿ ಹೆದರಿದ್ದು ಆಗ.

ಹತ್ತು ದಿನದಿಂದ ಹೀಗೇ ಆಗುತ್ತಿದೆ ಎಂದಳು. ನೀರಿನೊಳಗೆ ಕೂತು ಮೇಲಿನವರ ಮಾತು ಕೇಳಿಸಿಕೊಂಡ ಹಾಗೆ. ಕೈ ತನ್ನದೇ, ಆದರೆ ಬರೆಯುವುದನ್ನು ದೂರದಿಂದ ನೋಡಿದ ಹಾಗೆ. ಮಲಗಿದರೆ ಕಣ್ಣು ಬಿಟ್ಟೇ ಇರುತ್ತದೆ, ಪ್ರಶ್ನೆಗಳು ತಾವಾಗಿ ಸಾಗುತ್ತವೆ.

"ನಾಳೆ ಯಾರಾದ್ರೂ ಎಂಬತ್ತೈದು ಅಂದಿದ್ದನ್ನ ನಾನು ತೊಂಬತ್ತೈದು ಅಂತ ಬರೆದ್ರೆ, ಚಿಕ್ಕಮ್ಮ?"

ನಿಮ್ಮ ಕಾಲೇಜಿನಲ್ಲೇ ಮನೋವೈದ್ಯರಿದ್ದಾರಲ್ಲ ಎಂದೆ. ಅವಳು ಬ್ಯಾಚಿನ ಗೆಳತಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ನನಗೆ ಕೇಳಿಸಿದಳು.

"ಹುಚ್ಚಾ ನಿಂಗೆ? ನಮ್ಮ ಡಿಪಾರ್ಟ್‌ಮೆಂಟಿಗೆ ಮಾತ್ರ ಹೋಗ್ಬೇಡ ಮಗಾ," ಎಂದಳು ಆ ಗೆಳತಿ. "ನಿನ್ನ ಕೇಸ್ ಶೀಟ್ ಬರೆಯೋಕೆ ನನ್ನನ್ನೇ ಕೂರಿಸ್ತಾರೆ. ಆಮೇಲೆ ವೈವಾ ಪರೀಕ್ಷೇಲಿ ಎದುರಿಗೆ ಅದೇ ಸರ್ ಇರ್ತಾರೆ."

ಅವರಿವರನ್ನು ವಿಚಾರಿಸಿ ಬೆನ್ಸನ್ ಟೌನಿನ ಒಬ್ಬ ಮನೋವೈದ್ಯೆಯ ವಿಳಾಸ ಪಡೆದೆ. ವಯಸ್ಸಾದವರು, ತಮ್ಮ ಹಳೆಯ ಮನೆಯ ವರಾಂಡದಲ್ಲೇ ರೋಗಿಗಳನ್ನು ನೋಡುತ್ತಿದ್ದರು. ಮಾರನೆಯ ದಿನ ಸ್ಕೂಟರಿನಲ್ಲಿ ಹೊರಟೆವು. ಹಲಸೂರು ಕೆರೆ ಅಲುಗಾಡದೆ ಮಲಗಿತ್ತು. ಮಳೆಮರಗಳ ನೆರಳು ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಹಾಸಿತ್ತು. ಅದರ ಮೇಲೆ ಹೋಗುವಾಗ ಚಕ್ರ ನೆಲಕ್ಕೆ ತಾಗುತ್ತಿಲ್ಲವೆನಿಸಿತು. ಫ್ರೇಜರ್ ಟೌನಿನ ತಿರುವಿನಲ್ಲಿ ಬ್ಯಾರಿಕೇಡ್.

"ಎಲ್ಲಿಗೆ ಮೇಡಂ, ಪಿಕ್ನಿಕ್ಕಾ?" ಎಂದರು ಪೊಲೀಸಿನವರು.

"ಡಾಕ್ಟರ್ ಹತ್ರ."

"ಯಾರಿಗೆ ಹುಷಾರಿಲ್ಲ?"

"ನಮ್ಮ ಚಿಕ್ಕಮ್ಮಂಗೆ," ಎಂದಳು ಅವಳು ನನ್ನ ಬೆನ್ನ ಹಿಂದಿನಿಂದ.

ಅವರು ಹ್ಯಾಂಡಲ್ ಹಿಡಿದಿದ್ದ ನನ್ನನ್ನು ನೋಡಿದರು. "ಹುಷಾರಿಲ್ಲದವ್ರೇ ಗಾಡಿ ಓಡಿಸ್ತಿದ್ದಾರೆ. ಹೋಗಿ, ಹೋಗಿ."

ವರಾಂಡದಲ್ಲಿ ಕುರ್ಚಿ ಹಾಕಿದ್ದರು. ಅವಳು ಕೂರಲಿಲ್ಲ. ಕೈಗಳನ್ನು ಹಿಂದಕ್ಕೆ ಕಟ್ಟಿ, ವಾರ್ಡಿನಲ್ಲಿ ಪ್ರೊಫೆಸರರ ಮುಂದೆ ನಿಲ್ಲುವಂತೆ ನಿಂತು ಶುರುಮಾಡಿದಳು. ವಿದ್ಯಾರ್ಥಿಗಳು ಕೇಸು ಒಪ್ಪಿಸಲು ಒಂದು ಕ್ರಮವಿದೆ: ವಯಸ್ಸು, ಊರು, ಮಾಹಿತಿ ಕೊಟ್ಟವರು ಯಾರು, ಆ ಮಾಹಿತಿ ನಂಬಲು ಯೋಗ್ಯವೇ. ಆಮೇಲೆಯೇ ಕಾಯಿಲೆ.

"ಇಪ್ಪತ್ತಮೂರು ವರ್ಷದ ವಿದ್ಯಾರ್ಥಿನಿ, ಸದ್ಯ ಹಲಸೂರಲ್ಲಿ ವಾಸ. ಮಾಹಿತಿ ಕೊಟ್ಟವರು, ರೋಗಿಯೇ. ಮಾಹಿತಿ..."

ಅಲ್ಲಿಗೆ ಮಾತು ನಿಂತಿತು.

"ಹೇಳಮ್ಮ, ಮುಂದೆ," ಎಂದರು ವೈದ್ಯೆ.

"ನಂಬಬಹುದೋ ಇಲ್ವೋ ಅಂತ ಹೇಳ್ಬೇಕು ಮೇಡಂ. ನನಗೇ ಗೊತ್ತಾಗ್ತಿಲ್ಲ."

ಆಮೇಲೆ ಅತ್ತಳು. ಮಾಸ್ಕ್ ಒದ್ದೆಯಾಗುವಷ್ಟು.

ವೈದ್ಯೆ ಪೆನ್ ಕೆಳಗಿಟ್ಟರು. "ಕೂತ್ಕೋ. ನಾನು ಎಕ್ಸಾಮಿನರ್ ಅಲ್ಲ. ಮಾರ್ಕ್ಸ್ ಸಿಗಲ್ಲ, ಕಾಫಿ ಬೇಕಾದ್ರೆ ಸಿಗುತ್ತೆ."

ಉಳಿದದ್ದನ್ನು ನನ್ನನ್ನು ಕೇಳಿದರು. ಕರೆ ಹೋದ ಸಮಯ, ತಾತ ಹೇಳಿದ ಮಾತು, ಇವನ್ನು ಹೇಳಿದೆ. ಎಷ್ಟು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಎಂದೂ ಕೇಳಿದರು; ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಒಂದೇ ಮನೆಯಲ್ಲಿದ್ದೆವು.

ಒಂದು ಗಂಟೆಯ ಮಾತಿನ ನಂತರ ಮಾತ್ರೆ ಬರೆದರು. ಮೂರು ವಾರ ಫೋನ್ ಕೆಲಸ ಬೇಡವೆಂದು ಕಾಲೇಜಿಗೆ ಪತ್ರ ಬರೆಯುವಾಗ ಕೇಳಿದರು: "ಕಾರಣ ಬರೀಲಾ? ಬರೀ ಅನಾರೋಗ್ಯ ಅಂತಾನೂ ಬರೀಬಹುದು. ನಿನ್ನಿಷ್ಟ."

ಒಳಗಡೆ ಯಾರೋ ನಲ್ಲಿ ತಿರುಗಿಸಿದರು, ನಿಲ್ಲಿಸಿದರು.

"ಇರೋದನ್ನೇ ಬರೀರಿ ಮೇಡಂ."

ಪತ್ರವನ್ನು ಅವಳು ಆ ಸಂಜೆಯೇ ಕಾಲೇಜಿಗೆ ಕಳಿಸಿದಳು. ಅವಳ ಪಟ್ಟಿಯಲ್ಲಿದ್ದ ಹೆಸರುಗಳನ್ನು ಬ್ಯಾಚಿನ ಉಳಿದವರಿಗೆ ಹಂಚಿದರು. ಜೂನ್ ಮುಗಿಯುವುದರೊಳಗೆ ಅವರಲ್ಲಿ ಇಬ್ಬರು ಅವಳಿಗೆ ಫೋನ್ ಮಾಡಿ ಬೆನ್ಸನ್ ಟೌನಿನ ವಿಳಾಸ ಕೇಳಿದರು. ಒಬ್ಬಳು, ನಮ್ಮ ಡಿಪಾರ್ಟ್‌ಮೆಂಟಿಗೆ ಹೋಗ್ಬೇಡ ಎಂದಿದ್ದವಳು.

ಅಕ್ಕನ ಮಗಳು ಕೊನೆಯ ಪರೀಕ್ಷೆಯನ್ನು ಬ್ಯಾಚಿನವರಿಗಿಂತ ಆರು ತಿಂಗಳು ತಡವಾಗಿ ಬರೆದು ಪಾಸಾದಳು. ಈಗ ಕೆ.ಆರ್.ಪುರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ವೈದ್ಯೆ. ಮಾತ್ರೆ ನಿಂತು ಎರಡು ವರ್ಷವಾಯಿತು. ಕಳೆದ ತಿಂಗಳು ಮತ್ತೆ ನಿದ್ದೆ ಕೆಟ್ಟಿತ್ತು. ನಾಲ್ಕನೆಯ ದಿನ ಅರ್ಧ ದಿನ ರಜೆ ಹಾಕಿ, ಒಬ್ಬಳೇ ಬೆನ್ಸನ್ ಟೌನಿನ ವೈದ್ಯೆಯ ಬಳಿ ಹೋಗಿ ಬಂದಳು.