ಎಡತೋಳಿನ ನವಿಲು

ಮುಂದಿನಿಂದ ನೋಡಿದರೆ ಕಂಪ್ಯೂಟರ್ ಬಹಳ ಸಭ್ಯ. ಬೆನ್ನು ತಿರುಗಿಸಿದರೆ ಮಾತ್ರ ಹುತ್ತ. ಯಾವ ತೂತಿನಲ್ಲಿ ಏನಿದೆಯೋ ದೇವರೇ ಬಲ್ಲ. ನಮ್ಮ ಮನೆಯ ಹಳೆಯ ಪೆಟ್ಟಿಗೆಯ ಬೆನ್ನಿನಲ್ಲಿ ಒಂಬತ್ತು ಮುಳ್ಳುಗಳ ಎರಡು ಕಿಂಡಿಗಳಿದ್ದವು, ಅವಳಿ ಮಕ್ಕಳ ಹಾಗೆ. ಸೀರಿಯಲ್ ಪೋರ್ಟ್ ಎನ್ನುತ್ತಾರೆ. ಅವುಗಳಲ್ಲಿ ಒಂದರಿಂದ ಹೊರಟ ತಂತಿ ನನ್ನ ಕಸೂತಿ ಮಷೀನಿಗೆ ಹೋಗುತ್ತಿತ್ತು. ಕಂಪ್ಯೂಟರಿನಲ್ಲಿದ್ದ ಹೂವು, ಬಳ್ಳಿ, ನವಿಲುಗಳೆಲ್ಲ ಆ ತಂತಿಯಲ್ಲಿ ಚೂರುಚೂರಾಗಿ, ತೀರ್ಥಕ್ಕೆ ನಿಂತವರ ಹಾಗೆ ಒಂದರ ಹಿಂದೊಂದು ಬಂದು ಬಟ್ಟೆಯ ಮೇಲೆ ಕೂರುತ್ತಿದ್ದವು. ನೂಕುನುಗ್ಗಲಿಲ್ಲದ ಸಾಲನ್ನು ನಾನು ಕಂಡದ್ದು ಅಲ್ಲಿ ಮಾತ್ರ.

ನಾರಾಯಣಖೇಡದಲ್ಲಿ ಆಗ ತೆಲಂಗಾಣ ಹೋರಾಟದ ಕಾವು. ಬಸ್ಸಿಲ್ಲ, ಶಾಲೆಯಿಲ್ಲ, ಮೇಷ್ಟ್ರಾದ ನಮ್ಮ ಯಜಮಾನರು ಬೆಳಗಾದರೆ ಸಮ್ಮೆಯ, ಅಂದರೆ ಮುಷ್ಕರದ, ಟೆಂಟಿನಲ್ಲಿ. ಕರೆಂಟು ಬಂದರೆ ಬಂತು. ಇಂಥದರಲ್ಲಿ ದಸರೆ ಮುಗಿದ ವಾರವೇ ಪಕ್ಕದ ಮನೆಯ ಭಾಗ್ಯಳ ಮದುವೆ. ಅವರದು ಕುರಿ ಸಾಕುವ ಮನೆತನ. ಬಾಯಿಬಿಟ್ಟು ಏನನ್ನೂ ಕೇಳದ ಆ ಹುಡುಗಿ ಒಂದು ದಿನ ಕುಪ್ಪಸದ ಬಟ್ಟೆ ಹಿಡಿದು ಬಂದಳು.

"ಕಾಕೂ, ಸೀರಿ ಅತ್ತಿ ಮನಿಯವ್ರು ತರ್ತಾರ. ಬಂಗಾರನೂ ಅವ್ರದೇ. ಕುಬಸ ಒಂದೇ ನಮ್ಮ ಮನೀದು. ಎರಡೂ ತೋಳಿಗಿ ನವಿಲು ಹಾಕ್ರಿ."

ಬಲತೋಳಿನ ನವಿಲು ಹಬ್ಬದ ಮುಂಚೆಯೇ ಕೂತಿತು. ಕರೆಂಟಿನ ದಯೆಯಿಂದ ಎಡತೋಳಿಗೆ ಕೈ ಹಾಕಲು ಮದುವೆಯ ಹಿಂದಿನ ದಿನವೇ ಬರಬೇಕಾಯಿತು. ಪರದೆಯ ಮೇಲೆ ಒಂದೇ ಮಾತು: ಮಷೀನು ಉತ್ತರ ಕೊಡುತ್ತಿಲ್ಲ.

ಆರಿಸಿ ಮತ್ತೆ ಹಚ್ಚಿದೆ. ತಂತಿ ಬಿಚ್ಚಿ ಮುಳ್ಳು ನೋಡಿದೆ. ಮೇಲೆ ಐದು, ಕೆಳಗೆ ನಾಲ್ಕು, ಎಲ್ಲ ನೆಟ್ಟಗೇ ಇದ್ದವು. ಗುಡಿಯಲ್ಲಿ ನವಗ್ರಹಗಳು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಆದರೂ ಲೋಕ ನಡೆಯುತ್ತದೆ. ಇಲ್ಲಿ ಒಂಬತ್ತೂ ಒಂದೇ ಕಡೆ ಮುಖ ಮಾಡಿದ್ದರೂ ಏನೂ ನಡೆಯುತ್ತಿರಲಿಲ್ಲ. ತಂತಿಯನ್ನು ಅದೇ ಕಿಂಡಿಗೆ ಮತ್ತೆ ಸಿಕ್ಕಿಸಿದೆ. ಪ್ರದಕ್ಷಿಣೆಯೊಂದನ್ನು ಬಿಟ್ಟು ಎಲ್ಲ ಮಾಡಿದೆ. ಭಾಗ್ಯ ಬಾಗಿಲಲ್ಲಿ ನಿಂತು ಒಂಟಿ ನವಿಲಿನ ಕುಪ್ಪಸವನ್ನೇ ನೋಡುತ್ತಿದ್ದಳು.

"ಇರ್ಲಿ ಬಿಡ್ರಿ ಕಾಕೂ," ಎಂದಳು. ನಿಜವಾಗಿ ಬಿಡಿ ಎನ್ನುವವರ ಧ್ವನಿ ಹಾಗಿರುವುದಿಲ್ಲ.

ಜಹೀರಾಬಾದಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಖಲೀಲನಿಗೆ ಫೋನು ಹಚ್ಚಿದೆ. ಅವನು ಬರಲು ಬಸ್ಸೆಲ್ಲಿದೆ?

"ಅಕ್ಕಾ, ವೈರ್ ಯಾವ ಕಿಂಡ್ಯಾಗ ಅದ?"

"ನೀನೇ ಹೇಳಿದ್ದೆಲ್ಲಪಾ, ಒಂದನೇದ್ರಾಗ. ಗುರ್ತಿಗಿ ಬಾಜೂಕ ಕುಂಕುಮ ಹಚ್ಚೀನಿ."

"ಇನ್ನೊಂದ್ಸಲ ನೋಡ್ರಿ."

ನೋಡಿದೆ. ಎರಡು ಕಿಂಡಿಗೂ ಕುಂಕುಮವಿತ್ತು. ಅಷ್ಟೇ ಅಲ್ಲ, ಪೆಟ್ಟಿಗೆಯ ಬೆನ್ನಿನ ಒಂದೊಂದು ತೂತಿನ ಪಕ್ಕದಲ್ಲೂ ಇತ್ತು. ಆಯುಧಪೂಜೆಗೆಂದು ತಂತಿಗಳನ್ನೆಲ್ಲ ಬಿಚ್ಚಿ ಒರೆಸಿಟ್ಟವಳು ನಾನು, ಪೂಜೆ ಮಾಡಿದವರು ನಮ್ಮತ್ತೆ. ಆಮೇಲೆ ನಾನು ಮೊದಲು ಕಣ್ಣಿಗೆ ಬಿದ್ದ ಕುಂಕುಮವನ್ನು ನಂಬಿ ತಂತಿ ಸಿಕ್ಕಿಸಿದ್ದೆ.

"ಎಲ್ಲಾದಕ್ಕೂ ಹಚ್ಚೀರೇನ್ರಿ ಅತ್ತೀ?"

"ಮತ್ತ? ಒಂದಕ್ಕ ಹಚ್ಚಿ ಒಂದಕ್ಕ ಬಿಟ್ರ ಪಂಕ್ತಿಭೇದ ಆಗಂಗಿಲ್ಲೇನು?"

ಖಲೀಲ್ ನಕ್ಕ ನಗು ಫೋನಿನಾಚೆಗೂ ಕೇಳಿಸಿತು. "ಅಮ್ಮಾಗ ನನ್ನ ಸಲಾಂ ಹೇಳ್ರಿ. ಮಷೀನ್, ಕಂಪ್ಯೂಟರ್ ಎರಡೂ ಬಂದ್ ಮಾಡಿ ವೈರ್ ಬಾಜೂ ಕಿಂಡ್ಯಾಗ ಹಾಕ್ರಿ. ಮೊದ್ಲ ಮಷೀನ್ ಚಾಲೂ ಮಾಡ್ರಿ, ಆಮ್ಯಾಲ ಕಂಪ್ಯೂಟರ್."

ಬೆಳಗಿನಿಂದ ನಾನು ಕಂಪ್ಯೂಟರನ್ನು ಅನುಮಾನಿಸಿದ್ದೆ, ಮಷೀನನ್ನು, ಕರೆಂಟಿನವರನ್ನು, ಕೊನೆಗೆ ಯಜಮಾನರ ಸಮ್ಮೆಯನ್ನೂ ಅನುಮಾನಿಸಿದ್ದೆ. ಕುಂಕುಮವನ್ನು ಅನುಮಾನಿಸುವುದು ಹೇಗೆ? ದೇವರು ಭಕ್ತಿಯನ್ನೂ ಕೊಟ್ಟ, ಕಣ್ಣನ್ನೂ ಕೊಟ್ಟ. ಒಂದನ್ನು ತೆರೆದಾಗ ಇನ್ನೊಂದನ್ನು ಮುಚ್ಚಬೇಕೆಂದು ಅವನೇನೂ ಹೇಳಿರಲಿಲ್ಲ.

ಹೇಳಿದಂತೆ ಮಾಡಿದೆ. ಮಷೀನು ಒಮ್ಮೆ ಗುರ್ರೆಂದು ಸುಮ್ಮನಾಯಿತು. ಅತ್ತೆ ಕೈಮುಗಿದರು. ಮರುಗಳಿಗೆ ಸೂಜಿ ಕುಣಿಯತೊಡಗಿತು. ಮೊದಲು ಕೊಕ್ಕು, ಆಮೇಲೆ ಕೊರಳು. ಭಾಗ್ಯ ಬಾಗಿಲು ಬಿಟ್ಟು ಮಷೀನಿನ ಹತ್ತಿರ ಬಂದು ಕೂತಳು. ಕೊನೆಯ ಗರಿಯವರೆಗೂ ಕರೆಂಟು ಕಾದಿತ್ತು. ಆ ದಿನಗಳಲ್ಲಿ ಅದನ್ನೂ ಪ್ರಸಾದವೆಂದೇ ಕಣ್ಣಿಗೊತ್ತಿಕೊಳ್ಳಬೇಕು.

ಮರುದಿನ ಮದುವೆಯಲ್ಲಿ ಮುಂದೆಯೇ ಹೋಗಿ ಕೂತೆ. ಭಾಗ್ಯಳ ಅತ್ತೆಮನೆಯವರ ಸೀರೆ ಬಲು ಚೆಂದವಿತ್ತು. ಅದರ ಸೆರಗು ಎಡ ಹೆಗಲಿನಿಂದಿಳಿದು ತೋಳನ್ನು ಪೂರ್ತಿ ಮುಚ್ಚಿತ್ತು. ಎಡತೋಳಿನ ನವಿಲಿನ ಒಂದು ಗರಿಯೂ ಕಾಣಲಿಲ್ಲ.

"ಇದಕ್ಕೇನವಾ ಇಡೀ ದಿನ ಒದ್ದಾಡಿದ್ದು?" ಎಂದು ಅತ್ತೆ ನನ್ನ ಕಿವಿಯಲ್ಲಿ ಚುಚ್ಚಿದರು.

ಅಕ್ಷತೆ ಬಿದ್ದ ಮೇಲೆ ಭಾಗ್ಯ ತಲೆಯೆತ್ತಿ ನನ್ನನ್ನು ಹುಡುಕಿದಳು. ಎರಡು ಬೆರಳಿನಿಂದ ಸೆರಗನ್ನು ಇಷ್ಟೇ ಇಷ್ಟು ಸರಿಸಿ ತೋರಿಸಿ, ಮತ್ತೆ ಮುಚ್ಚಿಕೊಂಡಳು. ಆ ಸೀರೆಯ ಕೆಳಗೆ ತವರಿನ ನವಿಲು ಬೆಚ್ಚಗೆ ಕೂತಿತ್ತು.