ಎಡಗಡೆಯಿಂದ ಬಂದ ಪಾಸ್

2017ರ ಜೂನ್ ತಿಂಗಳು. ನಾನಾಗ ಯಲಹಂಕದ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ಕ್ರೀಡಾ ಕೋಟಾದ ಅರ್ಜಿ ನೋಡುವುದು, ಹರಿದ ನೆಟ್ಟು ಬದಲಾಯಿಸುವುದು, ಸಂಜೆ ನಾಲ್ಕರಿಂದ ಆರೂವರೆಯವರೆಗೆ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅಭ್ಯಾಸ ಮಾಡಿಸುವುದು. ಆ ವರ್ಷ ಕೋಟಾದಲ್ಲಿ ಸೇರಿದ ಹುಡುಗರಲ್ಲಿ ಇಬ್ಬರನ್ನು ನಾನು ಮರೆತಿಲ್ಲ. ಇಬ್ಬರ ಹೆಸರನ್ನೂ ಇಲ್ಲಿ ಬದಲಾಯಿಸಿದ್ದೇನೆ.

ಮೊದಲನೆಯವನು ನಂದೀಶ. ಚಿಕ್ಕಜಾಲದ ಪಕ್ಕದ ಹಳ್ಳಿಯವನು. ಎತ್ತರ ಆರು ಅಡಿ ನಾಲ್ಕೂವರೆ ಇಂಚು. ಅಳೆಯುವ ಕೋಲನ್ನು ನಾನು ಎರಡು ಸಲ ಇಟ್ಟು ನೋಡಿದ್ದೆ. ಎರಡನೆಯವನು ಆರ್.ಟಿ. ನಗರದ ಸಲೀಂ, ಐದು ಅಡಿ ಆರು ಇಂಚು. ನಂದೀಶ ಆಡುತ್ತಿದ್ದದ್ದು ಸೆಂಟರ್ ಜಾಗದಲ್ಲಿ, ಅಂದರೆ ರಿಂಗಿನ ಹತ್ತಿರ ನಿಂತು ಬಂದ ಚೆಂಡನ್ನು ಬುಟ್ಟಿಗೆ ಹಾಕುವವನು. ಸಲೀಂ ಪಾಯಿಂಟ್ ಗಾರ್ಡ್, ಹಿಂದಿನಿಂದ ಚೆಂಡು ತಂದು ಯಾರಿಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸುವವನು. ಮೂರೇ ತಿಂಗಳಲ್ಲಿ ಇಬ್ಬರಿಗೂ ಹೊಂದಾಣಿಕೆ ಬಂದುಬಿಟ್ಟಿತು. ಸಲೀಂ ಚೆಂಡನ್ನು ನೆಲಕ್ಕೆ ಒಮ್ಮೆ ಪುಟಿಸಿ ನಂದೀಶನ ಬಲಗೈಗೇ ಸೇರಿಸುತ್ತಿದ್ದ. ನಂದೀಶ ಒಂದು ಹೆಜ್ಜೆ ಇಟ್ಟು ತಿರುಗುವಷ್ಟರಲ್ಲಿ ಎರಡು ಅಂಕ.

ನಮ್ಮ ಕಾಲೇಜಿನ ಅಂಕಣ ಬಯಲಿನದು. ಸಿಮೆಂಟು ನೆಲ, ಬಿಳಿ ಬಣ್ಣ ಬಳಿದ ಮರದ ಬೋರ್ಡು. ಮೊದಲ ವರ್ಷ ಅಲ್ಲೇ ನಡೆದ ಐದು ಪಂದ್ಯಗಳಲ್ಲಿ ನಂದೀಶ ಒಂದರಲ್ಲೂ ಇಪ್ಪತ್ತಕ್ಕಿಂತ ಕಡಿಮೆ ಅಂಕ ಗಳಿಸಲಿಲ್ಲ. ನಾಲ್ಕನೆಯ ಪಂದ್ಯದ ಹೊತ್ತಿಗೆ ಅವನ ಊರಿನಿಂದ ಟಿಟಿ ವ್ಯಾನ್ ಮಾಡಿಕೊಂಡು ಜನ ಬರತೊಡಗಿದರು. ಅವರ ಮುಂದಾಳು ನಂದೀಶನ ದೊಡ್ಡಪ್ಪ ಮುನಿರಾಜು. ದ್ರಾಕ್ಷಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಬಾಡಿಗೆಗೆ ಗೋದಾಮು ಕಟ್ಟಿಸಿದ್ದವರು. ನಂದೀಶನ ತಂದೆ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರಿಂದ ಮನೆಯ ಯಜಮಾನಿಕೆ ಅವರದೇ. ಹಳ್ಳಿಯ ಬಾಗಿಲಲ್ಲಿ ಹುಡುಗನ ಫ್ಲೆಕ್ಸ್ ಹಾಕಿಸಿ, ಅದರ ಫೋಟೋ ನನಗೆ ಕಳಿಸಿದ್ದರು.

“ನಮ್ ಉಡ್ಗ ಇಂಡಿಯಾಗ್ ಆಡ್ಬೇಕು ಸಾ. ನಿಮ್ ಕೈಗೆ ಆಕಿದೀನಿ,” ಎಂದರು.

ನಾನು ಬೇಡವೆನ್ನಲಿಲ್ಲ. ನನಗೂ ಆಸೆ ಹತ್ತಿತ್ತು.

ನಂದೀಶನಿಗೊಂದು ಅಭ್ಯಾಸವಿತ್ತು. ಚೆಂಡಿಗಾಗಿ ಕಾಯುವಾಗ ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ನಿಲ್ಲುತ್ತಿದ್ದ. ನೋಡುವವರಿಗೆ ಅದು ಗತ್ತಿನ ಹಾಗೆ ಕಾಣುತ್ತಿತ್ತು. ಕಾಲೇಜಿನ ಹುಡುಗರು ಅದನ್ನು ಅನುಕರಿಸಿ ಸೆಲ್ಫಿ ತೆಗೆದುಕೊಂಡರು. ನಾನೂ ಅದನ್ನು ಗತ್ತೆಂದೇ ತಿಳಿದಿದ್ದೆ.

ಎರಡನೆಯ ವರ್ಷ ಮೊದಲ ಸಲ ನಗರದ ಒಳಾಂಗಣ ಕ್ರೀಡಾಂಗಣಕ್ಕೆ ಹೋದೆವು. ಕ್ವಾರ್ಟರ್ ಫೈನಲ್‌ನಲ್ಲಿ ನಂದೀಶ ಗಳಿಸಿದ್ದು ಏಳು ಅಂಕ. ದೂರದಿಂದ ಹಾಕಿದ ಒಂದೊಂದು ಚೆಂಡೂ ರಿಂಗಿಗಿಂತ ಒಂದು ಗೇಣು ಮುಂದೆ, ಇಲ್ಲವೇ ಒಂದು ಗೇಣು ಹಿಂದೆ ಬೀಳುತ್ತಿತ್ತು. ಜ್ವರ ಇತ್ತೆಂದ. ನಂಬಿದೆ. ಊರಿನವರೂ ನಂಬಿದರು.

ಮೂರನೆಯ ವರ್ಷ, 2019ರ ಕೊನೆಯಲ್ಲಿ, ಅಂತರ ಕಾಲೇಜು ಪಂದ್ಯಾವಳಿಯ ಫೈನಲ್ ತಲುಪಿದೆವು. ನಮ್ಮ ಕಾಲೇಜಿಗೆ ಅದು ಮೊದಲ ಫೈನಲ್. ಅದೇ ಒಳಾಂಗಣದಲ್ಲಿ ನಡೆದ ಸೆಮಿಫೈನಲ್‌ನಲ್ಲಿ ನಂದೀಶನಿಗೆ ಹತ್ತೊಂಬತ್ತು ಅಂಕ ಬಂದಿತ್ತು. ಎಲ್ಲವೂ ರಿಂಗಿನ ಬುಡದಲ್ಲಿ, ಎಲ್ಲವೂ ಸಲೀಂ ಕೊಟ್ಟ ಚೆಂಡಿನಿಂದ. ಫೈನಲ್ ನೋಡಲು ರಾಜ್ಯ ತಂಡದ ಆಯ್ಕೆಗಾರರೊಬ್ಬರು ಬರುತ್ತಾರೆಂಬ ಸುದ್ದಿ ಹಬ್ಬಿತು. ಮುನಿರಾಜು ಮೂರು ಟಿಟಿ ಗೊತ್ತುಮಾಡಿದರು.

ಎದುರಾಳಿ ತಂಡದ ಗಾರ್ಡುಗಳಿಬ್ಬರೂ ಆರಡಿಯವರು, ವೇಗದ ಓಟಗಾರರು. ಸಲೀಂ ಅವರ ಮುಂದೆ ನಿಲ್ಲಲಾರ ಎಂದು ನನ್ನ ಲೆಕ್ಕ. ಅವನನ್ನು ಬೆಂಚಿಗೆ ಕೂರಿಸಿ, ರೋಹಿತ್ ಎಂಬ ಎಡಗೈ ಹುಡುಗನನ್ನು ಆಡಿಸುವುದೆಂದು ಹಿಂದಿನ ದಿನದ ಅಭ್ಯಾಸದಲ್ಲಿ ಹೇಳಿದೆ. ರೋಹಿತ್ ಅಂಕಣದ ಎಡಗಡೆಯಿಂದ ಎದೆಯೆತ್ತರಕ್ಕೆ ಬಾಣದಂತೆ ಚೆಂಡು ಎಸೆಯುತ್ತಿದ್ದ.

ಎಲ್ಲರೂ ಹೋದ ಮೇಲೆ ಸಲೀಂ ನನ್ನ ಕೋಣೆಗೆ ಬಂದ.

“ಸರ್, ನಾನಿಲ್ದಿದ್ರೆ ನಂದಿಗೆ ಬಾಲ್ ಸಿಗಲ್ಲ.”

“ರೋಹಿತ್ ಕೊಡ್ತಾನಲ್ಲೋ.”

“ಕೊಡ್ತಾನೆ ಸರ್. ಇವನಿಗೆ ಸಿಗಲ್ಲ.”

“ನಿನ್ ಜಾಗ ಹೋಯ್ತು ಅಂತ ಬೇಜಾರಾಗಿದೆ. ಅದನ್ನ ನೇರ ಹೇಳು. ನಂದೀಶನ ಹೆಸರು ಯಾಕೆ ಎಳೀತೀಯ?”

ಅವನು ಬಾಯಿ ತೆರೆದ, ಏನೋ ಹೇಳಲು ಹೊರಟ, ಮತ್ತೆ ಮುಚ್ಚಿದ. “ಓಕೆ ಸರ್,” ಎಂದು ಬ್ಯಾಗು ಹೆಗಲಿಗೇರಿಸಿಕೊಂಡು ಹೋದ. ಹುಡುಗ ಸ್ವಾರ್ಥಿ ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟೆ.

ಫೈನಲ್ ಶುರುವಾಗಿ ಎರಡನೆಯ ನಿಮಿಷದಲ್ಲೇ ರೋಹಿತ್ ಎಸೆದ ಚೆಂಡು ನಂದೀಶನ ಕೈಗೆ ತಾಗಿ ಹೊರಗೆ ಹೋಯಿತು. ಮುಂದಿನದು ಅವನ ಭುಜಕ್ಕೆ ಬಡಿಯಿತು. ಮೂರನೆಯದು ನೇರ ಎಡಗೆನ್ನೆಗೆ. ಅವನು ಕೈ ಎತ್ತಲೇ ಇಲ್ಲ. ಇಡೀ ಕ್ರೀಡಾಂಗಣ ನಕ್ಕಿತು. ಎದುರಾಳಿಗಳು ಬುದ್ಧಿವಂತರು. ಅವನ ಎಡಗಡೆಯಿಂದಲೇ ಬಂದು ಚೆಂಡು ಕಸಿಯತೊಡಗಿದರು. ಸಿಕ್ಕ ನಾಲ್ಕು ಫ್ರೀ ಥ್ರೋಗಳಲ್ಲಿ, ಎಂದರೆ ಫೌಲ್ ಆದಾಗ ಯಾರೂ ಅಡ್ಡ ಬರದೆ ಎಸೆಯಲು ಸಿಗುವ ಅವಕಾಶಗಳಲ್ಲಿ, ಮೂರನ್ನು ಕಳೆದುಕೊಂಡ. ಪ್ರತಿ ವಿರಾಮದಲ್ಲಿ ನಾನು ಅವನಿಗೆ “ಹೆದರ್ಬೇಡ, ಬಾಲ್ ನೋಡು, ಬಾಲ್ ನೋಡು” ಎನ್ನುತ್ತಿದ್ದೆ. ಅವನು ತಲೆಯಾಡಿಸುತ್ತಿದ್ದ.

ಮೂರನೆಯ ಕ್ವಾರ್ಟರ್ ಮುಗಿಯುವಾಗ ನಮ್ಮ ಕಡೆಯ ಗ್ಯಾಲರಿಯಿಂದಲೇ ಕೂಗು ಕೇಳಿಸಿತು. “ಮನೇಲಿ ಹುಲಿ, ಬೀದೀಲಿ ಇಲಿ.” ಒಬ್ಬ ಕೂಗಿದ್ದನ್ನು ಹತ್ತು ಜನ ಎತ್ತಿಕೊಂಡರು. ತಿರುಗಿ ನೋಡಿದೆ. ಅವನ ಊರಿನ ಹುಡುಗರೇ. ಮುನಿರಾಜು ಅವರನ್ನು ತಡೆಯಲಿಲ್ಲ. ಮೊಣಕಾಲ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದರು.

ಮೂರು ನಿಮಿಷ ಉಳಿದಿದ್ದಾಗ ಅಂಕ 49–63. ರೋಹಿತ್ ಐದನೆಯ ಫೌಲ್ ಮಾಡಿ ಹೊರಬಿದ್ದ. ಬೇರೆ ದಾರಿಯಿಲ್ಲದೆ ಸಲೀಂನನ್ನು ಇಳಿಸಿದೆ. ಅವನು ಬಲಕ್ಕೆ ಓಡಿದ, ಚೆಂಡು ಪುಟಿಸಿದ, ನಂದೀಶನ ಬಲಗೈಗೆ ಮುಟ್ಟಿಸಿದ. ಆ ಮೂರು ನಿಮಿಷದಲ್ಲಿ ನಂದೀಶ ಆರು ಅಂಕ ಗಳಿಸಿದ. ಪಂದ್ಯ 58–67ಕ್ಕೆ ಮುಗಿಯಿತು. ಕಣ್ಣ ಮುಂದೆಯೇ ಇದೆಲ್ಲ ನಡೆದರೂ ನನಗೆ ಹೊಳೆದದ್ದು ಒಂದೇ: ಸೋಲು ಖಚಿತವಾಗಿ ಒತ್ತಡ ಇಳಿದ ಮೇಲೆ ಹುಡುಗನಿಗೆ ಕೈ ಕೂಡಿಬಂತು, ಅಷ್ಟೆ.

ಹೊರಗೆ ಸ್ಥಳೀಯ ಯೂಟ್ಯೂಬ್ ಚಾನೆಲ್ಲಿನವನೊಬ್ಬ ಮೈಕು ಹಿಡಿದ. ನಂದೀಶ ಯಾಕೆ ಹೀಗಾಡಿದ ಎಂದು ಕೇಳಿದ. ನಾನು ಹೇಳಿದ ಮಾತು ಅಕ್ಷರಶಃ ಇದು: “ಪ್ರತಿಭೆ ಇದೆ, ಗುಂಡಿಗೆ ಇಲ್ಲ. ದೊಡ್ಡ ಆಟಕ್ಕೆ ಗುಂಡಿಗೆ ಬೇಕಾಗುತ್ತೆ.”

ಮಾತು ಮುಗಿಸಿ ತಿರುಗಿದರೆ ನಂದೀಶ ಬಾಗಿಲ ಬಳಿ ನಿಂತಿದ್ದ. ಊರಿನ ಟಿಟಿಗಳು ಅವನಿಗಾಗಿ ಕಾಯದೆ ಹೊರಟುಹೋಗಿದ್ದವು. ಕಾಲೇಜು ಬಸ್ಸಿನಲ್ಲಿ ಕೊನೆಯ ಸೀಟಿನಲ್ಲಿ ಕೂತು ಬಂದ. ಪಕ್ಕದಲ್ಲಿ ಸಲೀಂ ಇದ್ದ. ಹೆಬ್ಬಾಳದ ಫ್ಲೈಓವರ್ ಮೇಲೆ ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ಮರುದಿನ ಬೆಳಿಗ್ಗೆ, ಚೆಂಡು ಅವನ ಕೆನ್ನೆಗೆ ಬಡಿದ ಹನ್ನೊಂದು ಸೆಕೆಂಡಿನ ವಿಡಿಯೋ ಹಾಡು ಜೋಡಿಸಿಕೊಂಡು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿತ್ತು. ಒಂದು ವಾರದಲ್ಲಿ ಅದರ ಬಾಲಕ್ಕೆ ನನ್ನ ಮಾತನ್ನೂ ಅಂಟಿಸಿದರು. ನಂದೀಶ ಆಮೇಲೆ ಅಂಕಣಕ್ಕೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಕೊರೊನಾ ಬಂದು, ಕಾಲೇಜು ಮುಚ್ಚಿ, ತೆರೆದು, 2021 ಮುಗಿಯುತ್ತ ಬಂದಿತ್ತು. ಒಂದು ದಿನ ಮುನಿರಾಜು ಫೋನ್ ಮಾಡಿದರು. ಒಂದು ಸರ್ಕಾರಿ ಇಲಾಖೆಯ ಕ್ರೀಡಾ ಕೋಟಾದಲ್ಲಿ ನಂದೀಶನ ಹೆಸರು ಪಟ್ಟಿಗೆ ಬಂದಿದೆ, ವೈದ್ಯಕೀಯ ಪರೀಕ್ಷೆಯೊಂದೇ ಬಾಕಿ ಎಂದರು. “ನೀವು ಜೊತೆಗೋದ್ರೆ ಅವ್ನಿಗೆ ಧೈರ್ಯ ಇರ್ತದೆ ಸಾ. ಅವ್ನಿಗೆ ಮೊದ್ಲೇ ಪುಕ್ಲು.” ಹೋದೆ. ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ. ಎತ್ತರ, ತೂಕ, ಎದೆಯಳತೆ ಎಲ್ಲ ಸರಿಯಾಯಿತು. ಕಣ್ಣಿನ ಕೋಣೆಗೆ ಹೋದವನು ಇಪ್ಪತ್ತು ನಿಮಿಷವಾದರೂ ಬರಲಿಲ್ಲ. ಆಮೇಲೆ ವೈದ್ಯೆ ನನ್ನನ್ನು ಒಳಗೆ ಕರೆದರು.

“ಇವರಿಗೆ ನೀವು ಎಷ್ಟು ವರ್ಷ ಕೋಚ್ ಆಗಿದ್ರಿ?”

“ಮೂರು ವರ್ಷ ಮೇಡಂ.”

“ಎಡಗಣ್ಣಲ್ಲಿ ಇವರಿಗೆ ಎದುರಿಗೆ ಹಿಡಿದ ಬೆರಳು ಎಣಿಸೋದೂ ಕಷ್ಟ. ನಿಮ್ಮ ಗಮನಕ್ಕೆ ಬರಲಿಲ್ವಾ?”

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಇದಕ್ಕೆ ಆಂಬ್ಲಿಯೋಪಿಯಾ ಎನ್ನುತ್ತಾರೆ. ಮಗುವಾಗಿದ್ದಾಗ ಒಂದು ಕಣ್ಣಿನಲ್ಲಿ ಮಾತ್ರ ದೃಷ್ಟಿದೋಷ ಹೆಚ್ಚಿದ್ದರೆ, ಮಿದುಳು ಆ ಕಣ್ಣನ್ನು ಬಳಸುವುದನ್ನೇ ಕ್ರಮೇಣ ಬಿಟ್ಟುಬಿಡುತ್ತದೆ. ಏಳೆಂಟು ವರ್ಷದೊಳಗೆ ಪತ್ತೆಯಾದರೆ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಸರಿಪಡಿಸಬಹುದು. ಇಪ್ಪತ್ತೆರಡಕ್ಕೆ ಹೆಚ್ಚೇನೂ ಮಾಡಲಾಗದು. ಎರಡೂ ಕಣ್ಣು ಕೂಡಿ ಕೆಲಸ ಮಾಡದಿದ್ದರೆ, ವೇಗವಾಗಿ ಬರುವ ವಸ್ತು ಎಷ್ಟು ದೂರದಲ್ಲಿದೆ ಎಂಬ ಅಂದಾಜು ಸಿಗುವುದಿಲ್ಲ. ನೌಕರಿಗೆ ಅವನು ಅನರ್ಹನಾದ.

ಆಸ್ಪತ್ರೆಯ ಎದುರಿನ ಬೇಕರಿಯಲ್ಲಿ ಇಬ್ಬರೂ ಟೀ ತೆಗೆದುಕೊಂಡೆವು. ಎಂಟನೇ ಕ್ಲಾಸಿನಲ್ಲಿ ಕ್ರಿಕೆಟ್ ಆಡುವಾಗ ಬಲಗಣ್ಣಿಗೆ ಧೂಳು ಬಿದ್ದು ಮುಚ್ಚಿದಾಗ, ಎಡಗಣ್ಣು ಕಾಣಿಸುವುದಿಲ್ಲವೆಂದು ನಂದೀಶನಿಗೆ ಗೊತ್ತಾಯಿತಂತೆ. ಮನೆಯಲ್ಲಿ ಹೇಳಲಿಲ್ಲ. ಕಾಲೇಜು ಸೇರುವಾಗಿನ ಪರೀಕ್ಷೆಯಲ್ಲಿ ಸಾಲಿನಲ್ಲಿ ನಿಂತು, ಮುಂದಿನವರು ಓದಿದ ಅಕ್ಷರಗಳನ್ನು ಕೇಳಿಯೇ ಬಾಯಿಪಾಠ ಮಾಡಿದ್ದ. ಈ ಸಲ ಯಂತ್ರದಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಅಕ್ಷರಗಳು ಬಂದಿದ್ದವು.

“ನಮ್ ಕಾಲೇಜಲ್ಲಿ ಮರದ ಬೋರ್ಡು ಸರ್. ಬಿಸಿಲಲ್ಲಿ ರಿಂಗಿನ ನೆರಳು ಅದರ ಮೇಲೆ ಬೀಳ್ತಿತ್ತು. ಅದನ್ನ ನೋಡ್ಕೊಂಡು ಹಾಕ್ತಿದ್ದೆ. ಒಳಗಡೆ ಗಾಜಿನ ಬೋರ್ಡು. ಅದರ ಹಿಂದೆ ಜನ ಕೂತಿರ್ತಾರೆ. ರಿಂಗ್ ಎಲ್ಲಿದೆ ಅಂತಾನೇ ತಿಳೀತಿರ್ಲಿಲ್ಲ.”

“ಸಲೀಂಗೆ ಗೊತ್ತಿತ್ತಾ?”

“ಮೊದಲ್ನೇ ತಿಂಗಳೇ ಕಂಡುಹಿಡ್ದ ಸರ್. ಎಡಗಡೆಯಿಂದ ಕೈ ಬೀಸಿದ್ನಂತೆ, ನಾನು ತಿರುಗ್ಲಿಲ್ಲ. ಯಾರಿಗೂ ಹೇಳಲ್ಲ ಅಂತ ಆಣೆ ಹಾಕಿಸ್ಕೊಂಡಿದ್ದೆ.”

“ನನಗೆ ಒಂದ್ ಮಾತು ಹೇಳ್ಬಾರ್ದಿತ್ತಾ ನಂದೀಶ?”

ಅವನು ಟೀ ಲೋಟವನ್ನು ಬಲಗಡೆಗೆ ಸರಿಸಿದ. “ಹೇಳಿದ್ರೆ ಟೀಮಲ್ಲಿ ಇಟ್ಕೊಳ್ತಿದ್ರಾ ಸರ್?”

ಇಟ್ಟುಕೊಳ್ಳುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಆ ವಿಡಿಯೋದಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಿದೆ. ನಿಜ ಏನೆಂದು ನಿಮ್ಮ ಊರಿನವರಿಗೆ ನಾನೇ ಬಂದು ಹೇಳುತ್ತೇನೆ ಎಂದೆ.

“ಬೇಡ ಸರ್. ಪುಕ್ಲು ಅಂತಾರೆ, ಅಭ್ಯಾಸ ಆಗಿದೆ. ಕುರುಡ ಅಂತ ಕರೆಯೋದು ಬೇಡ. ಅಮ್ಮನ ಕಿವಿಗೆ ಬಿದ್ರೆ, ಚಿಕ್ಕವನಿದ್ದಾಗ್ಲೇ ತೋರಿಸ್ಬೇಕಿತ್ತು ಅಂತ ಕೊರಗ್ತಾಳೆ.”

ದೊಡ್ಡಪ್ಪನಿಗೆ ಏನು ಹೇಳುತ್ತೀಯೆಂದು ಕೇಳಿದೆ. ಬಿ.ಪಿ. ಜಾಸ್ತಿ ಬಂತು ಅಂತೀನಿ ಎಂದ. ಹಾಗೆಯೇ ಹೇಳಿದ. ಸಂಜೆ ಮುನಿರಾಜು ನನಗೆ ಫೋನ್ ಮಾಡಿ, “ನಾನು ಏಳ್ಲಿಲ್ವಾ ಸಾ, ಅಲ್ಲೂ ಎದ್ರುಕೊಂಡ್ಬುಟ್ಟವ್ನೆ” ಎಂದರು. ನಾನು ‘ಹ್ಞೂಂ’ ಎಂದೆ. ಇಡೀ ಸೇವೆಯಲ್ಲಿ ನಾಚಿಕೆಯಿಂದ ಹೇಳಿದ ಒಂದು ‘ಹ್ಞೂಂ’ ಇದ್ದರೆ ಅದೇ.

ಆ ವಾರವೇ ಸಲೀಂನನ್ನು ಹುಡುಕಿಕೊಂಡು ಹೋದೆ. ತಣಿಸಂದ್ರದ ಒಂದು ಕೊರಿಯರ್ ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿದ್ದ. ಊಟದ ಬಿಡುವಿನಲ್ಲಿ ಹೊರಗೆ ಬಂದ. ನಂದೀಶ ಎಲ್ಲ ಹೇಳಿದ, ಅವತ್ತು ನಿನ್ನ ಬಗ್ಗೆ ತಪ್ಪು ತಿಳಿದೆ ಎಂದೆ. ಅವನು ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

“ಆಣೆ ಇತ್ತು ಸರ್, ನಾನಾಗೇ ಹೇಳೋ ಹಂಗಿರ್ಲಿಲ್ಲ. ಆದ್ರೆ ಬಾಲ್ ಅವನಿಗೆ ಸಿಗಲ್ಲ ಅಂತ ನಾನು ಅಂದಾಗ, ನೀವು ‘ಯಾಕೋ’ ಅಂತ ಒಂದ್ ಸಲ ಕೇಳ್ತೀರ ಅಂದ್ಕೊಂಡೆ. ಕೇಳಿದ್ರೆ ಹೇಳ್ಬಿಡ್ತಿದ್ನೇನೋ. ನೀವು ಕೇಳ್ಲಿಲ್ಲ.”

ಅವನ ಊಟದ ಬಿಡುವು ಮುಗಿದಿತ್ತು. ಕೈ ಕುಲುಕಿ ಒಳಗೆ ಹೋದ. ಆ ಫೈನಲ್‌ಗೆ ನಿಜವಾಗಿಯೂ ಆಯ್ಕೆಗಾರರೊಬ್ಬರು ಬಂದಿದ್ದರು. ಅವರು ಸಲೀಂನ ಆಟ ನೋಡಿದ್ದು ಕೊನೆಯ ಮೂರೇ ನಿಮಿಷ. ಅದನ್ನು ಅವನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಮುಂದಿನ ಜೂನ್‌ನಿಂದ ನಿವೃತ್ತಿಯಾಗುವವರೆಗೆ, ತಂಡ ಕಟ್ಟುವ ಮೊದಲು ಒಬ್ಬೊಬ್ಬರನ್ನೇ ಕಣ್ಣಿನ ವೈದ್ಯರ ಬಳಿ ಕಳಿಸುತ್ತಿದ್ದೆ. ದೋಷ ಕಂಡವರನ್ನು ಕೈಬಿಡದೆ, ಅವರಿಗೆ ಹೊಂದುವ ಜಾಗದಲ್ಲಿ ಆಡಿಸಿದೆ. ಕೆಲವರಿಗೆ ಕನ್ನಡಕ ಬಂತು, ಹುಡುಗಿಯರ ತಂಡದ ಒಬ್ಬಳಿಗೆ ಎಡಗಡೆಯ ಜಾಗ ಬಿಟ್ಟು ಬಲಗಡೆಯದು ಸಿಕ್ಕಿತು. ಅದರಿಂದ ನಂದೀಶನಿಗೇನೂ ಆಗಲಿಲ್ಲ. ಈಗವನು ದೊಡ್ಡಪ್ಪನ ಗೋದಾಮುಗಳ ಉಸ್ತುವಾರಿ ನೋಡಿಕೊಳ್ಳುತ್ತಾನೆ. ಎರಡು ವರ್ಷದ ಹಿಂದೆ ತಾಯಿಗೂ ದೊಡ್ಡಪ್ಪನಿಗೂ ತಾನೇ ಎಲ್ಲ ಹೇಳಿದನಂತೆ. ಇದನ್ನು ಬರೆಯಲು ಅನುಮತಿ ಕೇಳಿದಾಗ, “ಹೆಸರು ಬದಲಾಯಿಸಿ ಬರೀರಿ ಸರ್. ಸಲೀಂ ಹೆಂಗ್ ಆಡ್ತಿದ್ದ ಅನ್ನೋದನ್ನ ಚೆನ್ನಾಗಿ ಬರೀರಿ,” ಎಂದ.

ಜನ ಕಟ್ಟಿಕೊಂಡ ನಿರೀಕ್ಷೆಯನ್ನು ಆಟಗಾರ ಮುಟ್ಟದೆ ಹೋದಾಗ, ಹೆದರಿದ ಎನ್ನುವುದು ಗ್ಯಾಲರಿಯಲ್ಲಿ ಕೂತವರಿಗೆ ಸುಲಭ. ಅವರಿಗೆ ಅಷ್ಟೇ ಕಾಣುವುದು. ಬೆಂಚಿನ ಪಕ್ಕ ನಿಂತವನು ಹಾಗನ್ನಬಾರದು. ನನ್ನ ಹುದ್ದೆ ಕೇಳಿದ್ದು ತೀರ್ಪನ್ನಲ್ಲ, ಯಾಕೆ ಎಂಬ ಒಂದು ಪ್ರಶ್ನೆಯನ್ನು. ಅದನ್ನು ಕೇಳಲು ನನಗೆ ಮೂರು ವರ್ಷವಿತ್ತು, ಬಾಗಿಲಿಗೇ ಬಂದು ನಿಂತ ಒಬ್ಬ ಹುಡುಗನೂ ಇದ್ದ.